ಸರಪಳಿಗೂ ಅಪ್ಪಣೆ ಇತ್ತು

4 ಮಾರ್ಚ್

ಪ್ರೀತಿಯ ಅಕ್ಕ,

ಗಂಟಲು ವಾಸಿಯಾಗುವವರೆಗೆ ನೀನು ಮಾತಾಡುವಂತಿಲ್ಲ ಎಂದು ಡಾಕ್ಟರು ಹೇಳಿದರಂತೆ. ಫೋನಿನಲ್ಲಿ ನಾನು ಮಾತಾಡುವುದು, ನೀನು ಸುಮ್ಮನೆ ಕೇಳುವುದು, ಇದು ನಮ್ಮ ಜನ್ಮದಲ್ಲಿ ನಡೆಯುವ ಮಾತಲ್ಲ. ಮೊಬೈಲ್ ನೋಡಿದರೆ ಕಣ್ಣು ಉರಿಯುತ್ತದೆ ಎಂದು ನರ್ಸ್ ಬೇರೆ ತಿಳಿಸಿದರು. ಅದಕ್ಕೇ ಕಾಗದ. ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ಅಮ್ಮ ಮೊದಲು ಅತ್ತಳು. ಈಗ ಇಡೀ ಬೀದಿಗೆ ಹೇಳಿಕೊಂಡು ಬರುತ್ತಿದ್ದಾಳೆ. "ನನ್ನ ಮಗಳು ಕೋಲ್ಡ್ ಸ್ಟೋರೇಜ್‌ನಲ್ಲಿ ಆಫೀಸರು. ವಿಷದ ಗಾಳಿಯೊಳಗೆ ನುಗ್ಗಿ ಒಂದು ಜೀವ ಎಳ್ಕೊಂಡು ಬಂದ್ಳು." ಹಾಲಿನವನಿಗೂ ಬಾಯಿಪಾಠ ಆಗಿದೆ.

ಆದರೆ ನನ್ನ ಮೈ ಉರಿದದ್ದು ಬೇರೆ ಕಾರಣಕ್ಕೆ. ನಿಮ್ಮೂರಿನ ಪ್ರಾರ್ಥನಾ ಮಂದಿರದ ಗುರುಗಳ ಪ್ರವಚನವನ್ನು ಯಾರೋ ಅಮ್ಮನ ಮೊಬೈಲಿಗೆ ಕಳಿಸಿದ್ದಾರೆ. ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ: "ಆ ಹೆಣ್ಣುಮಗಳು ಒಳಗೆ ಹೋಗಲಿಲ್ಲ, ದೇವರು ಕಳಿಸಿದ. ಆ ಕೈ ಅವಳದಲ್ಲ, ಅವನದು. ಮೇಲಿನವನ ಅಪ್ಪಣೆ ಇಲ್ಲದೆ ಮನುಷ್ಯ ಒಳ್ಳೆಯದನ್ನು ಮಾಡಲಾರ." ಅಮ್ಮ ಅದನ್ನು ಹಾಕಿ ಹಾಕಿ ಕೇಳುತ್ತಿದ್ದಾಳೆ.

ನೀನು ಗಂಟಲು ಸುಟ್ಟುಕೊಂಡೆ, ಹೆಸರು ಇನ್ನೊಬ್ಬರಿಗೆ. ಹಗಲುದರೋಡೆ ಅಂದರೆ ಇದು. ಇಷ್ಟು ವರ್ಷ ಕಾಡಿನಂಚಿನಲ್ಲಿ ಕೂತು ಕೋತಿಗಳನ್ನು ನೋಡಿದವನು ನಾನು. ವಿದ್ಯಾರ್ಥಿಗಳು ನನ್ನನ್ನು ಕೋತಿ ಮೇಷ್ಟ್ರು ಅನ್ನುವುದು ಸುಮ್ಮನೆ ಅಲ್ಲ. ಯಾವ ಗ್ರಂಥವನ್ನೂ ಓದದ ಕೋತಿ ಇನ್ನೊಂದರ ಮರಿಗಾಗಿ ಹೊಳೆಗೆ ಹಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಳ್ಳೆಯತನ ನಮ್ಮ ರಕ್ತದಲ್ಲಿದೆ ಅಕ್ಕ, ಮೇಲಿಂದ ಬೀಳುವುದಿಲ್ಲ. ನೀನು ಮಾಡಿದ್ದನ್ನು ಯಾರೂ ಕಿತ್ತುಕೊಳ್ಳಲು ಬಿಡಬೇಡ.

ಏನಾಯಿತು, ಹೇಗಾಯಿತು, ಎಲ್ಲ ಬರೆ.

ನಿನ್ನ ತಮ್ಮ

11 ಮಾರ್ಚ್

ಪ್ರೀತಿಯ ಗುಂಡ,

ನಿನ್ನ ದಪ್ಪ ಅಕ್ಷರ ನೋಡಿ ನಗು ಬಂತು, ನಕ್ಕರೆ ಕೆಮ್ಮು ಬರುತ್ತದೆ, ಇನ್ನು ಮೇಲೆ ಸಣ್ಣದಾಗಿ ಬರೆ.

ಮಧ್ಯಾಹ್ನದ ಊಟ ಮುಗಿದಿತ್ತು. ನಾನು ಲ್ಯಾಬಿನಲ್ಲಿ ಬಟಾಣಿಯ ಸ್ಯಾಂಪಲ್ ತೂಗುತ್ತಿದ್ದೆ. ಪ್ಯಾಕಿಂಗ್ ಹಾಲಿನ ಚಾವಣಿಯಲ್ಲಿ ಅಮೋನಿಯಾ ಪೈಪು ಒಡೆಯಿತು. ಕೋಣೆಗಳನ್ನು ತಣ್ಣಗಿಡುವ ಅನಿಲ ಅದು, ಮೂಗಿಗೆ ಹೋದರೆ ಒಳಗೆಲ್ಲ ಸುಟ್ಟುಹಾಕುತ್ತದೆ. ಸೈರನ್ ಹೊಡೆಯಿತು, ಎಲ್ಲರೂ ಅಂಗಳಕ್ಕೆ ಓಡಿದೆವು. ತಲೆ ಎಣಿಸಿದಾಗ ಇಬ್ಬರು ಇರಲಿಲ್ಲ. ವಿಷಗಾಳಿ ತಡೆಯುವ ಲ್ಯಾಬಿನ ಮುಖವಾಡ ನನ್ನ ಕೈಯಲ್ಲೇ ಇತ್ತು. ಒಳಗೆ ಹೋದೆ. ಮೆಟ್ಟಿಲ ಬುಡದಲ್ಲಿ ಒಬ್ಬರು ಬಿದ್ದಿದ್ದರು, ಎಳೆದು ತಂದೆ. ಮತ್ತೆ ಹೋದೆ. ಹಾಲಿನ ಹಿಂಭಾಗದಲ್ಲಿ ದೊಡ್ಡಮ್ಮ ಸಿಕ್ಕರು. ಆಗಲೇ ಮುಗಿದಿತ್ತು.

ದೊಡ್ಡಮ್ಮ ಅಂದರೆ ನಮ್ಮ ನೆಂಟರಲ್ಲ. ಪ್ಯಾಕಿಂಗ್‌ನಲ್ಲಿ ಎಲ್ಲರಿಗಿಂತ ಹಿರಿಯರು, ಹಾಗೆ ಕರೆಯುತ್ತಿದ್ದೆವು. ಮಧ್ಯಾಹ್ನದ ಊಟಕ್ಕೆ ನನ್ನ ಪಕ್ಕ ಕೂರುತ್ತಿದ್ದರು. ನಾನು ಅವಸರದಲ್ಲಿ ನುಂಗಿದರೆ, "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ, ನಿಧಾನ ತಿನ್ನು" ಅನ್ನುತ್ತಿದ್ದರು.

ಗುರುಗಳು ಆಸ್ಪತ್ರೆಗೂ ಬಂದಿದ್ದರು. ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡಿದರು. ಒಂದು ಮಾತು ಕೇಳಬೇಕೆನಿಸಿತು, ದನಿ ಇರಲಿಲ್ಲ. ಮಾಲೀಕರು ಹೂಗುಚ್ಛ ಕಳಿಸಿದ್ದಾರೆ. ಅದರ ವಾಸನೆಗೆ ಕೆಮ್ಮು ಬಂದು ನರ್ಸ್ ಹೊರಗಿಟ್ಟರು.

ಇದನ್ನೆಲ್ಲ ದೊಡ್ಡದು ಮಾಡಬೇಡ. ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಎಂದು ಹೇಳು.

ಅಕ್ಕ

29 ಮಾರ್ಚ್

ಪ್ರೀತಿಯ ಅಕ್ಕ,

ದೊಡ್ಡದು ಮಾಡಬೇಡ ಅಂದೆ, ನಿನ್ನ ಸಂಕೋಚ ನನಗೆ ಗೊತ್ತಿಲ್ಲವೇ. ಶಾಲೆಯಲ್ಲಿ ಬಹುಮಾನ ಬಂದರೂ ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡು ಬರುತ್ತಿದ್ದವಳು ನೀನು. ಹಾಗಾಗಿ ನಿನ್ನ ಪರವಾಗಿ ನಾನೇ ದೊಡ್ಡದು ಮಾಡಿದ್ದೇನೆ.

ಭಾನುವಾರದ ನನ್ನ ಅಂಕಣದ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. 'ಒಳ್ಳೆಯತನದ ಬೇರು' ಎಂದು ತಲೆಬರಹ. ಮೊದಲ ಅರ್ಧ ನನ್ನ ಕೋತಿಯ ಕಥೆ, ಉಳಿದರ್ಧ ನಿನ್ನದು. ಗುಂಪಿನಲ್ಲಿ ಬದುಕಿದ ಪ್ರಾಣಿಗಳು ಒಂದನ್ನೊಂದು ಕಾಪಾಡುತ್ತ ಕಾಪಾಡುತ್ತ ಆ ಗುಣ ಹುಟ್ಟಿನಲ್ಲೇ ಬೆರೆತುಹೋಯಿತು. ನೀನು ಒಳಗೆ ನುಗ್ಗಿದಾಗ ಯೋಚಿಸಲಿಲ್ಲ. ಯೋಚಿಸುವ ಮೊದಲೇ ನಿನ್ನ ಕಾಲು ಓಡಿತ್ತು. ಲಕ್ಷಾಂತರ ವರ್ಷಗಳ ಹಿಂದಿನ ಒಂದು ತಾಯಿಕೋತಿ ನಿನ್ನೊಳಗಿಂದ ಓಡಿತು ಎಂದು ಬರೆದಿದ್ದೇನೆ. ಎಷ್ಟೋ ಜನ ಈ ಸಾಲನ್ನು ಮೆಚ್ಚಿಕೊಂಡು ಬರೆದಿದ್ದಾರೆ. ಟಿವಿಯವರೂ ಫೋನ್ ಮಾಡಿದ್ದರು.

ಅಮ್ಮ ಮಾತ್ರ ಊಟಕ್ಕೆ ಬಡಿಸುವಾಗ, "ನನ್ನ ಮಗಳನ್ನ ಕೋತಿ ಅಂದ್ಯಲ್ಲೋ" ಎಂದು ಸೌಟು ಕುಕ್ಕಿದಳು. ನೀನಾದರೂ ಅರ್ಥ ಮಾಡಿಕೊಳ್ಳುತ್ತೀಯ. ನೀನೂ ವಿಜ್ಞಾನ ಓದಿದವಳು. ಇನ್ನು ನಿಮ್ಮ ಗುರುಗಳು ಬಾಯಿ ತೆರೆಯಲಿ ನೋಡೋಣ.

ನಿನ್ನ ತಮ್ಮ

6 ಏಪ್ರಿಲ್

ಗುಂಡ,

ನಿನ್ನ ಅಂಕಣ ಓದಿದೆ. ಮತ್ತೊಮ್ಮೆ ಓದಿದೆ. ಆಮೇಲೆ ಮಡಿಸಿ ಅಲುಗಾಡುವ ಮೇಜಿನ ಕಾಲಿನಡಿ ಇಟ್ಟೆ.

ಗುರುಗಳು ನನ್ನ ಕೈ ಕಿತ್ತುಕೊಂಡರು ಎಂದು ನೀನು ಕೂಗಾಡಿದೆ. ನೀನು ಕಾಲು ಕಿತ್ತುಕೊಂಡೆ. ಕೈ ದೇವರದು, ಕಾಲು ಕೋತಿಯದು. ನನ್ನದು ಅಂತ ಏನು ಉಳಿಯಿತು, ಸುಟ್ಟ ಗಂಟಲೇ?

ಈಗ ಹೇಳುತ್ತೇನೆ, ಆಗ ಬರೆಯದೆ ಬಿಟ್ಟದ್ದನ್ನು.

ನನ್ನ ಕಾಲು ಓಡಲಿಲ್ಲ. ಅಂಗಳದಲ್ಲಿ ನಿಂತಾಗ ಅದು ಗೇಟಿನ ಕಡೆ ತಿರುಗಿಕೊಂಡಿತ್ತು, ಒಳಗಿನ ಕಡೆಗಲ್ಲ. ನಿನ್ನ ಹುಟ್ಟುಗುಣ ಓಡಿಹೋಗು ಅನ್ನುತ್ತಿತ್ತು. ಅಪ್ಪಣೆ ಬೇಕಿದ್ದರೆ ಅದೂ ಇತ್ತು. "ಯಾರೂ ಒಳಗೆ ಹೋಗಬಾರದು, ಅಗ್ನಿಶಾಮಕದವರು ಬರೋವರೆಗೂ ಇಲ್ಲೇ ಇರಿ" ಎಂದು ಮೈಕಿನಲ್ಲಿ ಮಾಲೀಕರೇ ಕೂಗುತ್ತಿದ್ದರು. ಒಳಗಿಂದಲೂ ಹೊರಗಿಂದಲೂ ಬಂದ ಮಾತು ಒಂದೇ, ಹೋಗಬೇಡ ಅಂತ. ಎರಡನ್ನೂ ಬದಿಗೊತ್ತಿ ಹೋದವಳು ನಾನು. ಹೆದರಿಕೊಂಡು, ಬೈದುಕೊಂಡು, ಹೋದೆ. ಯಾಕೆ ಗೊತ್ತಾ? ಹಾಲಿನ ಹಿಂದಿನ ಬಾಗಿಲು ಬಡಿಯುವ ಸದ್ದು ಅಂಗಳಕ್ಕೆಲ್ಲ ಕೇಳುತ್ತಿತ್ತು. ಎರಡು ಕೈಯಲ್ಲಿ ಬಡಿಯುತ್ತಿದ್ದರು ದೊಡ್ಡಮ್ಮ.

ಅದು ತುರ್ತು ಬಾಗಿಲು. ಒಳಗಿಂದ ತಳ್ಳಿದರೆ ತೆರೆದುಕೊಳ್ಳಬೇಕು. ತೆರೆದುಕೊಳ್ಳಲಿಲ್ಲ, ಹೊರಗಿಂದ ಸರಪಳಿ ಹಾಕಿ ಬೀಗ ಜಡಿದಿದ್ದರು. ಹೆಂಗಸರು ಬಟಾಣಿ ಪೊಟ್ಟಣ ಕದ್ದು ಆ ಬಾಗಿಲಿಂದ ಸಾಗಿಸುತ್ತಾರೆ ಎಂದು ಮಾಲೀಕರಿಗೆ ಅನುಮಾನ. ಸರಪಳಿ ಹಾಕಿದವನು ಪ್ಯಾಕಿಂಗ್ ಹಾಲಿನ ಮೇಸ್ತ್ರಿ. ಹೆಂಗಸರು ಬಚ್ಚಲಿಗೆ ಹೋದರೂ ಗಡಿಯಾರ ನೋಡುವವನು. ಅವನ ಮೇಲೆ ನಾನು ದೂರು ಕೊಟ್ಟಿದ್ದೆ, ಸರಪಳಿಯ ಬಗ್ಗೆಯೂ ಬಾಯಿಮಾತಿನಲ್ಲಿ ಹೇಳಿದ್ದೆ. "ನೀವು ಬಟಾಣಿ ನೋಡ್ಕೊಳಿ ಮೇಡಂ" ಅಂದಿದ್ದ.

ಮೆಟ್ಟಿಲ ಬುಡದಲ್ಲಿ ಸಿಕ್ಕವನು ಅವನೇ. ಬಿಳಿ ಹೊಗೆಯಲ್ಲಿ ಮುಖ ಕಾಣಲಿಲ್ಲ. ಅಂಗಳಕ್ಕೆ ತಂದು ಹಾಕಿದ ಮೇಲೆ ನೋಡಿದೆ. ಅಷ್ಟರಲ್ಲಿ ಬಾಗಿಲು ಬಡಿಯುವುದು ನಿಂತಿತ್ತು.

ಈಗ ಕಂಪನಿ ಏನು ಹೇಳುತ್ತಿದೆ ಕೇಳು. ದೊಡ್ಡಮ್ಮ ಮೂಲೆಯಲ್ಲಿ ನಿದ್ದೆ ಹೊಡೆಯುತ್ತಿದ್ದರಂತೆ, ಸೈರನ್ ಕೇಳಿಸಲಿಲ್ಲವಂತೆ. ಸರಪಳಿ ಅದೇ ಸಂಜೆ ಮಾಯವಾಗಿದೆ. ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿದ್ದಾರೆ, ಹಾಲಿನಲ್ಲಿದ್ದವರೆಲ್ಲ ಕೆಲಸ ಹೋದೀತೆಂದು ಬಾಯಿ ಬಿಡುತ್ತಿಲ್ಲ. ನಿನಗೆ ಪುಟದ ತುಂಬ ಜಾಗವಿದೆ. ಬರೆಯುವುದಿದ್ದರೆ ಆ ಬಾಗಿಲಿನ ಬಗ್ಗೆ ಬರೆ.

ಅಕ್ಕ

20 ಏಪ್ರಿಲ್

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಸಂಕಟವಾಯಿತು. ಇಂಥ ಆಘಾತ ಕಂಡವರಿಗೆ, ತಾನು ಉಳಿದು ಇನ್ನೊಬ್ಬರು ಹೋದರೆಂಬ ಕೊರಗು ಹೀಗೆ ಸಿಟ್ಟಾಗಿ ಹೊರಬರುತ್ತದೆ. ನಿಮ್ಮ ಊರಿನ ಒಬ್ಬ ಒಳ್ಳೆಯ ಮನೋವೈದ್ಯರ ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ನನ್ನ ಪರಿಚಯದವರು.

ಬಾಗಿಲಿನ ಬಗ್ಗೆ ಸಂಪಾದಕರನ್ನು ಕೇಳಿದೆ. "ಇದು ವಿಜ್ಞಾನದ ಅಂಕಣ ಮೇಷ್ಟ್ರೇ, ಕ್ರೈಮ್ ವರದಿ ಅಲ್ಲ" ಅಂದರು. ವಿಚಾರಣೆ ನಡೆಯುವಾಗ ಬರೆದರೆ ಕಾನೂನಿನ ತೊಡಕೂ ಇದೆಯಂತೆ. ಸರಪಳಿಯನ್ನು ನೀನು ಆ ದಿನ ಕಣ್ಣಾರೆ ಕಂಡೆಯಾ, ಇಲ್ಲ ಹಿಂದೆ ಕಂಡ ನೆನಪೇ? ಕೋರ್ಟಿನಲ್ಲಿ ಇಂಥ ಪ್ರಶ್ನೆಗಳು ಬರುತ್ತವೆ, ಅದಕ್ಕೆ ಕೇಳಿದೆ.

ಇನ್ನು ನಿನ್ನ ವಾದ. ಕಾಲು ಗೇಟಿನ ಕಡೆ ತಿರುಗಿತ್ತು ಅಂದೆ. ಸರಿ, ಭಯವೂ ಹುಟ್ಟುಗುಣವೇ, ಕರುಣೆಯೂ ಹುಟ್ಟುಗುಣವೇ. ಎರಡೂ ಕುಸ್ತಿಗೆ ಬಿದ್ದವು, ಕರುಣೆ ಗೆದ್ದಿತು. ಅಷ್ಟೇಕೆ, ಈಗ ನಿನಗೆ ಬಂದಿರುವ ಸಿಟ್ಟೂ ಅದೇ. ನನ್ನ ಗುಂಪಿನ ಒಂದು ಹೆಣ್ಣುಕೋತಿ, ಪಕ್ಕದ ಕೋತಿಗೆ ಬಾಳೆಹಣ್ಣು ಕೊಟ್ಟು ತನಗೆ ಒಣ ಜೋಳ ಕೊಟ್ಟಾಗ ಜೋಳವನ್ನು ನನ್ನ ಮುಖಕ್ಕೇ ಎಸೆಯಿತು. ಅನ್ಯಾಯ ಕಂಡರೆ ಕೆರಳುವುದು ಎಷ್ಟು ಹಳೆಯದು ನೋಡು. ನಿನ್ನ ಸಿಟ್ಟಿಗೂ ಒಂದು ವಂಶಾವಳಿ ಇದೆ ಎಂದು ತಿಳಿದರೆ ಮನಸ್ಸು ಹಗುರಾಗುತ್ತದೆ.

ವಿಶ್ರಾಂತಿ ತೆಗೆದುಕೋ.

ನಿನ್ನ ತಮ್ಮ

2 ಮೇ

ಗುಂಡ,

ನನ್ನ ಸಿಟ್ಟನ್ನೂ ಬೋನಿಗೆ ಹಾಕಿ, ಮೇಲೊಂದು ಚೀಟಿ ಅಂಟಿಸಿ ಕೊಟ್ಟೆ. ಬಹಳ ಉಪಕಾರವಾಯಿತು.

ಡಾಕ್ಟರ ವಿಳಾಸವನ್ನು ವಾಪಸ್ ಇಟ್ಟಿದ್ದೇನೆ. ನನಗೆ ಹುಚ್ಚಿಲ್ಲ. ನನಗೆ ಸಾಕ್ಷಿ ಬೇಕು.

ನಿನ್ನೆ ಕಂಪನಿಯ ಗೇಟಿಗೆ ಒಂದು ಪೋಸ್ಟರ್ ಬಿದ್ದಿದೆ. 'ಅಗಲಿದವರ ನೆನಪಿಗೆ ಸಂವಾದ. ಒಳಿತಿನ ಮೂಲ: ದೇವರೋ, ಪ್ರಕೃತಿಯೋ?' ಒಂದು ಕಡೆ ಗುರುಗಳ ಫೋಟೋ. ಇನ್ನೊಂದು ಕಡೆ ನನ್ನ ತಮ್ಮನ ಫೋಟೋ, ಟೈ ಕಟ್ಟಿಕೊಂಡು. ಕೆಳಗೆ ಮಾಲೀಕರ ಹೆಸರು. ನಾನು ಗೇಟಿನ ಮುಂದೆ ನಿಂತು ಓದುತ್ತಿದ್ದರೆ ವಾಚ್‌ಮನ್, "ನಿಮ್ ತಮ್ಮನವರಂತೆ, ಗೆಸ್ಟ್ ಹೌಸ್ ರೆಡಿ ಮಾಡ್ತಿದೀವಿ ಮೇಡಂ" ಅಂದ. ನೀನು ಒಪ್ಪಿಕೊಂಡು ವಾರಗಳಾಗಿವೆಯಂತೆ. ಮನೋವೈದ್ಯರ ವಿಳಾಸ ಬರೆದ ದಿನವೇ ಇದನ್ನೂ ಬರೆಯಬಹುದಿತ್ತು.

ಮಾಲೀಕರ ಬುದ್ಧಿಗೆ ಶಭಾಸ್ ಅನ್ನಬೇಕು. ಒಂದು ಸಾಲಿನ ಜನ ದೇವರು ಅಂತ ಕೂಗಲಿ, ಇನ್ನೊಂದು ಸಾಲು ಕೋತಿ ಅಂತ ಕೂಗಲಿ. ಆ ಗಲಾಟೆಯಲ್ಲಿ ಬಾಗಿಲಿನ ಮಾತು ಯಾರಿಗೂ ಕೇಳಿಸುವುದಿಲ್ಲ. ಒಳ್ಳೆಯದು ಎಲ್ಲಿಂದ ಬರುತ್ತದೆ ಎಂದು ಇಬ್ಬರೂ ಬೆವರು ಸುರಿಸಿ ಹುಡುಕುತ್ತೀರಿ. ಕೆಟ್ಟದ್ದು ಎಲ್ಲಿಂದ ಬಂತು ಎಂದು ಕೇಳಲು ಒಬ್ಬರಿಗೂ ಪುರುಸೊತ್ತಿಲ್ಲ.

ಬಾ. ಮಾತಾಡು. ನನ್ನ ಮನೆಗೆ ಬರಬೇಡ.

ಅಕ್ಕ

16 ಮೇ

ಅಕ್ಕ,

ಬರಬೇಡ ಅಂದೆ, ಬರಲಿಲ್ಲ. ನಿನ್ನ ಬೀದಿಯ ತುದಿಯವರೆಗೆ ನಡೆದು ಹಿಂದಿರುಗಿದೆ.

ಪೋಸ್ಟರಿನ ವಿಷಯ ಮೊದಲೇ ಹೇಳಬೇಕಿತ್ತು. ಅವರ ಆಹ್ವಾನ ಬಂದಾಗ ನನ್ನ ಅಂಕಣಕ್ಕೆ ಸಿಕ್ಕ ಮರ್ಯಾದೆ ಎಂದು ಉಬ್ಬಿದೆ. ಅಲ್ಲಿಗೆ ಬಂದರೆ ನಿನ್ನನ್ನೂ ಸಮಾಧಾನ ಮಾಡಬಹುದು ಎಂದುಕೊಂಡೆ. ನಿನಗೆ ಹೇಳಿದರೆ ಬೇಡ ಅನ್ನುತ್ತೀಯ ಎಂದು ಹೇಳಲಿಲ್ಲ.

ಸಭೆಯಲ್ಲಿ ನಡೆದದ್ದು ನಿನ್ನ ಕಿವಿಗೆ ಹೇಗೆ ಬಿದ್ದಿದೆಯೋ, ನಾನೇ ಹೇಳುತ್ತೇನೆ. ಸಭಾಂಗಣ ತುಂಬಿತ್ತು. ಮೊದಲು ಗುರುಗಳು ಮಾತಾಡಿದರು. ದೇವರ ಆಜ್ಞೆ ಇಲ್ಲದಿದ್ದರೆ ಮನುಷ್ಯರು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಿದ್ದರು ಎಂದರು. ಆಮೇಲೆ ನಾನು. ಹೊಳೆ, ಕೋತಿ, ಮರಿ, ಎಲ್ಲ ಹೇಳಿದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮಾಲೀಕರು ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು.

ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಒಬ್ಬಳು ಎದ್ದು ನಿಂತಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ಟೈಲರ್ ಅಂಗಡಿಯಿಂದ ನೇರವಾಗಿ ಬಂದಿದ್ದಳು. ದೊಡ್ಡಮ್ಮನ ಮಗಳು. ಮೈಕು ಕೊಡಲು ಹೋದರೆ ಬೇಡ ಅಂದಳು.

"ನಮ್ಮಮ್ಮ ಬಾಗಿಲು ಬಡೀತಾ ಇದ್ಲು. ಅಂಗಳದಲ್ಲಿ ಎಲ್ಲರಿಗೂ ಕೇಳಿಸ್ತಿತ್ತಂತೆ. ದೇವರು ಒಬ್ಬರಿಗೆ ಮಾತ್ರ ಹೇಳಿದ್ನಾ ಸ್ವಾಮಿ? ಉಳಿದೋರಿಗೆ ಯಾಕೆ ಹೇಳಲಿಲ್ಲ?" ಎಂದು ಗುರುಗಳನ್ನು ಕೇಳಿದಳು. ನನ್ನ ಕಡೆ ತಿರುಗಿದಳು. "ನೀವು ಹೇಳೋದು ಎಲ್ಲರ ರಕ್ತದಲ್ಲೂ ಇದೆ ಅಂತ. ಬೀಗ ಹಾಕ್ದೋರ ರಕ್ತದಲ್ಲೂ ಇತ್ತಾ ಸಾರ್?"

ನನಗೆ ಉತ್ತರ ಗೊತ್ತಿತ್ತು. ಅದಕ್ಕೊಂದು ಅಧ್ಯಾಯವನ್ನೇ ಬರೆದಿದ್ದೇನೆ. ಬಾಯಿ ತೆರೆದೆ, ಆ ಟೇಪು ಕಂಡಿತು, ಮುಚ್ಚಿದೆ. "ಅದು ಇವತ್ತಿನ ವಿಷಯವಲ್ಲ" ಎಂದು ನಿರೂಪಕರು ಅವಳನ್ನು ಕೂರಿಸಿದರು. ನಾನು ತಡೆಯಲಿಲ್ಲ. ಅವಳು ಕೂರದೆ ಹೊರಗೆ ಹೋದಳು.

ಗುರುಗಳು ಅಷ್ಟರಲ್ಲೇ ವೇದಿಕೆ ಇಳಿದು, ಯಾರಿಗೂ ಹೇಳದೆ ಹಿಂದಿನ ಬಾಗಿಲಿಂದ ಹೊರಟುಹೋದರು. ಉತ್ತರವಿಲ್ಲದೆ ಜಾಗ ಖಾಲಿ ಮಾಡಿದರು. ನಾನಾದರೂ ಕೊನೆಯವರೆಗೂ ಕೂತಿದ್ದೆ. ಅದೇನೂ ಹೆಮ್ಮೆಯ ಸಂಗತಿಯಲ್ಲ ಎಂದು ರೈಲಿನಲ್ಲಿ ಬರುವಾಗ ಅನಿಸಿತು.

ನಿನ್ನ ತಮ್ಮ

3 ಜೂನ್

ಗುಂಡ,

ವಿಚಾರಣೆ ಮುಗಿಯುತ್ತ ಬಂದಿದೆ. ಕೈಯಲ್ಲಿ ಆಗುವಷ್ಟು ಬರೆಯುತ್ತೇನೆ, ಸಿಟ್ಟಿನಲ್ಲಿ ಅಕ್ಷರ ಸೊಟ್ಟಗಾದರೆ ಓದಿಕೋ.

ನನ್ನ ಹೇಳಿಕೆಯನ್ನು ಗುಮಾಸ್ತರು ಓದಿದರು, ನನಗಿನ್ನೂ ಪಿಸುದನಿ ಅಷ್ಟೇ. ರೈಲಿನ ವೇಳಾಪಟ್ಟಿ ಓದಿದಂತೆ ಓದಿದರು. ಕಂಪನಿಯ ವಕೀಲರು, "ಆ ದಿನ ಸರಪಳಿ ನೋಡಿದ್ರಾ?" ಎಂದು ಕೇಳಿದರು, ನೀನು ಕೇಳಿದ ಹಾಗೆಯೇ. ಒಳಗಿನ ಹೊಗೆಯಲ್ಲಿ ನಿಂತವಳಿಗೆ ಹೊರಗಿನ ಸರಪಳಿ ಹೇಗೆ ಕಾಣಬೇಕು. ಇಲ್ಲ ಎಂದು ತಲೆಯಾಡಿಸಿದೆ. ಅವರು ಬರೆದುಕೊಂಡರು.

ಆಮೇಲೆ ಮೇಸ್ತ್ರಿ. ಅವನು ನನ್ನ ಕಡೆ ನೋಡಲಿಲ್ಲ. "ಬಾಗಿಲಿಗೆ ಯಾವತ್ತೂ ಬೀಗ ಹಾಕಿರ್ಲಿಲ್ಲ ಸಾರ್. ಅಜ್ಜಿ ಮಲಗಿದ್ದೋರು ಏಳಲಿಲ್ಲ" ಅಂದ. ಆ ಬಾಯಿಗೆ ಉಸಿರು ಹೋಗಲಿ ಎಂದು ನಾನು ನನ್ನ ಮುಖವಾಡ ಬಿಚ್ಚಿ ಅವನಿಗೆ ಹಾಕಿದ್ದೆ. ನನ್ನ ಗಂಟಲು ಸುಟ್ಟದ್ದು ಆಗಲೇ. ನಾನು ಉಳಿಸಿದ ಉಸಿರಿನಲ್ಲಿ ಅವನು ಸುಳ್ಳು ಹೇಳಿದ. ಬೆಂಚಿನ ಅಂಚನ್ನು ಹಿಡಿದುಕೊಂಡೆ, ಇಲ್ಲದಿದ್ದರೆ ಎದ್ದು ಹೋಗಿ ಕೆನ್ನೆಗೆ ಬಾರಿಸುತ್ತಿದ್ದೆ.

ಇನ್ನು ಸಾಕ್ಷಿಗಳಿಲ್ಲ ಎಂದು ಅಧಿಕಾರಿ ಕಡತ ಮುಚ್ಚುವಾಗ ಹಿಂದಿನ ಸಾಲಿನಲ್ಲಿ ಗುರುಗಳು ಎದ್ದರು.

ಉತ್ತರವಿಲ್ಲದೆ ಜಾಗ ಖಾಲಿ ಮಾಡಿದರು ಎಂದು ಬರೆದಿದ್ದೆಯಲ್ಲ. ಅವರು ಹೋದದ್ದು ದೊಡ್ಡಮ್ಮನ ಮಗಳ ಹಿಂದೆ. ಅವಳನ್ನು ದಾರಿಯಲ್ಲಿ ನಿಲ್ಲಿಸಿ, "ಯಾವ ಬಾಗಿಲು ತಾಯಿ?" ಎಂದು ಕೇಳಿದರಂತೆ. ಹಿಂದಿನದು ಅಂದಾಗ ಅವರ ಮುಖ ಬಿಳಿಚಿಕೊಂಡಿತಂತೆ. ಚಳಿಗಾಲದಲ್ಲಿ ಹೊಸ ಯಂತ್ರಕ್ಕೆ ಪ್ರಾರ್ಥನೆ ಮಾಡಲು ಬಂದಾಗ, ಕಟ್ಟಡ ಸುತ್ತಿ ಬರುತ್ತ ಆ ಸರಪಳಿಯನ್ನು ಅವರು ನೋಡಿದ್ದರು. ಮಾಲೀಕರನ್ನು ಕೇಳಿಯೂ ಇದ್ದರು. "ಕಳ್ಳರ ಕಾಟ ಗುರುಗಳೇ" ಎಂದು ಮಾಲೀಕರು ನಕ್ಕಿದ್ದರಂತೆ. ಇದೆಲ್ಲವನ್ನೂ ಅಧಿಕಾರಿಯ ಮುಂದೆ ಹೇಳಿದರು.

ವಕೀಲರು ಕೊಂಕು ತೆಗೆದರು. "ಇಷ್ಟು ದಿನ ಸುಮ್ಮನಿದ್ದು ಈಗ ಬಂದಿದ್ದೀರಿ. ದೇವರು ಅಪ್ಪಣೆ ಕೊಟ್ಟನೋ?"

"ಇಲ್ಲಪ್ಪ," ಅಂದರು ಗುರುಗಳು. "ಕೊಡಲಿ ಅಂತ ಕಾದೆ. ದಿನಾ ಪ್ರಾರ್ಥನೆ ಮಾಡ್ದೆ. ಅವನು ಏನೂ ಹೇಳಲಿಲ್ಲ. ನನಗೇ ಸಿಟ್ಟು ಬಂತು. ಬಂದೆ."

ಮಂದಿರ ಕಟ್ಟಿಸಿಕೊಟ್ಟವರು ಇದೇ ಮಾಲೀಕರು, ನಿನಗೆ ಗೊತ್ತಿರಲಿ. ಸಂಜೆಯೊಳಗೆ ಗುರುಗಳ ಸಾಮಾನು ಬೀದಿಗೆ ಬಂತು. ಈಗ ಆ ಮಗಳ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾರೆ. ನೋಡಲು ಹೋಗಿದ್ದೆ. ಪ್ರವಚನದ ವಿಷಯದಲ್ಲಿ ನನಗಿನ್ನೂ ಸಿಟ್ಟಿದೆ ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಓದಿದರು. "ನನಗೂ ಇದೆ ತಾಯಿ. ಆದ್ರೆ ಸಿಟ್ಟನ್ನ ಕೊಟ್ಟೋನೂ ಅವನೇ ಅಂತ ನಾನು ನಂಬ್ತೀನಿ, ಬೈಬೇಡ" ಅಂದರು. ನಾನು ಒಪ್ಪಲಿಲ್ಲ. ಬೈಯಲೂ ಇಲ್ಲ.

ಗುರುಗಳು ಕಂಡದ್ದು ಚಳಿಗಾಲದಲ್ಲಿ, ಅವಘಡದ ದಿನವಲ್ಲ ಎಂದು ವಕೀಲರು ಹಿಡಿದುಕೊಂಡಿದ್ದಾರೆ. ವರದಿ ಬರೆಯಲು ಇನ್ನು ಸ್ವಲ್ಪವೇ ಸಮಯವಿದೆ.

ಅಕ್ಕ

14 ಜೂನ್

ಅಕ್ಕ,

ಗುರುಗಳ ವಿಷಯದಲ್ಲಿ ನಾನು ಬರೆದದ್ದನ್ನು ನೆನೆದರೆ ಮುಖ ಎಲ್ಲಿಡಲಿ ಎಂದು ತಿಳಿಯುತ್ತಿಲ್ಲ.

ಬಾಗಿಲಿನ ಬಗ್ಗೆ ಬರೆದು ಕಳಿಸಿದೆ. ಕೋತಿ ಇಲ್ಲ, ಹೊಳೆ ಇಲ್ಲ. ಒಂದು ಕಾರ್ಖಾನೆಯ ತುರ್ತು ಬಾಗಿಲಿಗೆ ಸರಪಳಿ ಹಾಕಿದ್ದರು, ಅದನ್ನು ಕಂಡವರು ಇದ್ದಾರೆ, ಒಬ್ಬ ಹೆಂಗಸು ಅದನ್ನು ಬಡಿಯುತ್ತ ಸತ್ತಳು, ಇಷ್ಟೇ. ಸಂಪಾದಕರು ವಾಪಸ್ ಕಳಿಸಿದರು. ಹಾಗಾದರೆ ಅಂಕಣವನ್ನೂ ನೀವೇ ಬರೆದುಕೊಳ್ಳಿ ಎಂದು ಹೇಳಿ ಬಂದೆ. ನಿಮ್ಮೂರಿನ ಒಂದು ಸಣ್ಣ ಪತ್ರಿಕೆ ನಾಡಿದ್ದು ಹಾಕುತ್ತದೆ. ಓದುಗರು ಕಡಿಮೆಯಂತೆ, ಆದರೆ ಓದುವವರೆಲ್ಲ ಆ ಗೇಟಿನ ಮುಂದೆ ಓಡಾಡುವವರೇ.

ದೊಡ್ಡಮ್ಮನ ಮಗಳು ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಒಂದು ಅಧ್ಯಾಯದ ಉತ್ತರವಿದೆ ಅಂದೆನಲ್ಲ, ತೆಗೆದು ಓದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಅವಳ ಮುಖ ನೋಡಿಕೊಂಡು ಓದಲು ನನ್ನಿಂದಾಗದು.

ಅಮ್ಮ ನಿನ್ನ ಕಾಗದ ಓದಿಸಿಕೊಂಡು ಕೇಳಿದಳು. "ಆ ಮೇಸ್ತ್ರಿ ನನ್ನ ಕೈಗೆ ಸಿಗಲಿ" ಅಂದಳು. ಅವಳ ಸೌಟು ಕಂಡವನಾದ್ದರಿಂದ ಹೇಳುತ್ತೇನೆ, ಸಿಗದಿರಲಿ.

ನಿನ್ನ ತಮ್ಮ

22 ಜೂನ್

ಪ್ರೀತಿಯ ಗುಂಡ,

ಪತ್ರಿಕೆ ಓದಿದೆ. ಚೆನ್ನಾಗಿ ಬರೆದಿದ್ದೀಯ. ಅಂಗಡಿ ಗೋಡೆಗಳಿಗೆಲ್ಲ ಅಂಟಿಸಿದ್ದಾರೆ.

ಅದು ಬಂದ ಮಾರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಮೇಸ್ತ್ರಿ. ಕೈಯಲ್ಲಿ ಮಡಿಸಿದ ಪತ್ರಿಕೆ. ಒಳಗೆ ಬಾ ಎಂದು ನಾನು ಹೇಳಲಿಲ್ಲ, ಅವನು ಹೊಸಿಲಲ್ಲೇ ನಿಂತ.

"ನನ್ನನ್ನ ಯಾಕೆ ಎಳ್ಕೊಂಡು ಬಂದ್ರಿ ಮೇಡಂ?" ಅಂದ. "ಬಿಟ್ಟುಬಿಡಬೇಕಿತ್ತು."

ನನಗೀಗ ಸ್ವಲ್ಪ ದನಿ ಬಂದಿದೆ, ಹರಿದ ತಮಟೆಯ ಹಾಗೆ. "ನೀವು ಅಂತ ಗೊತ್ತಿದ್ರೂ ಎಳೀತಿದ್ದೆ," ಅಂದೆ. "ಕೂತ್ಕೊಳಿ. ಈಗ ಬೈತೀನಿ."

ಕೂತ. ಗಂಟಲು ಉರಿಯುವವರೆಗೆ ಬೈದೆ. ಇಷ್ಟು ತಿಂಗಳು ಕಾಗದದಲ್ಲಿ ನಿನಗೆ ಬೈದದ್ದು ಏನೂ ಅಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡ. ಕೊನೆಗೆ, ಸೈರನ್ ಆದಾಗ ಎಲ್ಲರೂ ಹೊರಗೆ ಬಂದರೂ ನೀವೊಬ್ಬರು ಒಳಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

ಕೈಯಲ್ಲಿದ್ದ ಪತ್ರಿಕೆಯನ್ನು ಇನ್ನೊಮ್ಮೆ ಮಡಿಸಿದ. "ಹೊರಗೆ ಬಂದಿದ್ದೆ. ಅಜ್ಜಿ ಬಡಿಯೋದು ಕೇಳಿಸ್ತು. ಕೀ ಮೇಲಿನ ಆಫೀಸಲ್ಲಿತ್ತು. ತರೋಕೆ ಅಂತ ಮತ್ತೆ ಒಳಗೆ ಹೋದೆ. ಮೆಟ್ಟಿಲು ಹತ್ತೋಕಾಗಲಿಲ್ಲ."

ನಾನು ಹೋಗುವ ಮೊದಲೇ ಅವನು ಹೋಗಿದ್ದ. ಮುಖವಾಡವೂ ಇಲ್ಲದೆ.

"ಇದನ್ನಾದ್ರೂ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?" ಅಂದೆ.

"ಕೀ ತರೋಕೆ ಹೋದೆ ಅಂದ್ರೆ ಬೀಗ ಇತ್ತು ಅಂತ ಆಗತ್ತಲ್ಲ ಮೇಡಂ. ಬೀಗ ನಾನೇ ಹಾಕಿದ್ದು. ಮಾಲೀಕರ ಅಪ್ಪಣೆ ಇತ್ತು. ಬೇಡ ಅಂದ್ರೆ ಕೆಲಸ ಹೋಗೋದು, ಮನೇಲಿ ಮಕ್ಕಳಿದ್ದಾವೆ."

ನೋಡು ಗುಂಡ. ಸರಪಳಿಗೂ ಅಪ್ಪಣೆ ಇತ್ತು. ಮಕ್ಕಳನ್ನು ಸಾಕಬೇಕೆಂಬ ಹುಟ್ಟುಗುಣವೂ ಇತ್ತು. ನೀವಿಬ್ಬರೂ ವೇದಿಕೆಯ ಮೇಲೆ ಹೊಗಳಿದ ಎರಡೂ ಸೇರಿ ಆ ಬೀಗ ಜಡಿದಿದ್ದವು. ಮತ್ತೆ ಕೀ ತರಲು ಅವನನ್ನು ಒಳಗೆ ಅಟ್ಟಿದ್ದು ಏನು, ನನಗೆ ತಿಳಿಯದು. ನೀನು ಹುಡುಕು, ಗುರುಗಳೂ ಹುಡುಕಲಿ. ನನಗೆ ಆ ಹೊತ್ತಿಗೆ ಬೇರೆ ಕೆಲಸವಿತ್ತು.

"ಹೋಗಿ ಇದನ್ನೇ ಹೇಳಿ" ಅಂದೆ.

"ನಾಳೆ ಹೋಗ್ತೀನಿ ಮೇಡಂ."

"ನಾಳೆ ಇಲ್ಲ" ಎಂದು ಚಪ್ಪಲಿ ಮೆಟ್ಟಿದೆ. ಅವನು ಎದ್ದ. ಬಿಸಿಲಿನಲ್ಲಿ ಇಬ್ಬರೂ ಅಧಿಕಾರಿಯ ಕಚೇರಿಗೆ ನಡೆದೆವು. ಅಧಿಕಾರಿ ವರದಿಯನ್ನು ಟೈಪ್ ಮಾಡಿಸುತ್ತಿದ್ದರು. ನಿಲ್ಲಿಸಿ, ಹೊಸ ಹಾಳೆ ತೆಗೆದರು. ಬೀಗ ಹಾಕಿದವರು ಯಾರು ಎಂದು ಕೇಳಿದರು. "ನಾನೇ" ಅಂದ. ಹಾಕಲು ಹೇಳಿದವರು ಯಾರು ಎಂದು ಕೇಳಿದರು. ನನ್ನ ಕಡೆ ಒಮ್ಮೆ ನೋಡಿ, ಮಾಲೀಕರ ಪೂರ್ತಿ ಹೆಸರು ಹೇಳಿದ. ಗುಮಾಸ್ತರಿಗೆ ಸರಿಯಾಗಿ ಕೇಳಿಸಲಿಲ್ಲ.

"ಇನ್ನೊಂದ್ಸಲ ಹೇಳಿ, ಜೋರಾಗಿ" ಅಂದರು.

ಜೋರಾಗಿ ಹೇಳಿದ.

ಅಕ್ಕ